ಗೋದಲಿ ಇರಬೇಕಾದ ಜಾಗದಲ್ಲಿ ಕಲ್ಲಿನ ರಾಶಿ

ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ದೃಶ್ಯದ ಕೆಲಸ ಶುರು. ತಟ್ಟೆಯಲ್ಲಿ ರಾಗಿಯೋ ಭತ್ತವೋ ಬಿತ್ತಿ ಪುಟ್ಟ ಗದ್ದೆ ಮಾಡುತ್ತಾರೆ. ಕಂದು ಕಾಗದ ಮುದುರಿ ಗುಡ್ಡ ಮಾಡುತ್ತಾರೆ. ಕುರುಬರು, ಕುರಿ, ಹಸು, ಕತ್ತೆ, ಒಂಟೆ ಏರಿ ಬಂದ ಜೋಯಿಸರು ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬರುತ್ತಾರೆ. ಹುಲ್ಲು ಹಾಸಿದ ತೊಟ್ಟಿ ಮಾತ್ರ ಖಾಲಿ. ಮಗುವಿನ ಗೊಂಬೆ ಬೀರುವಿನಲ್ಲಿರುತ್ತದೆ. 24ರ ರಾತ್ರಿ ಪೂಜೆ ಮುಗಿದ ಮೇಲೆ ಮನೆಯ ಅತಿ ಚಿಕ್ಕವರ ಕೈಯಲ್ಲಿ ಅದನ್ನು ಇಡಿಸುತ್ತಾರೆ. ಈ ಖಾಲಿ ತೊಟ್ಟಿಯ ವಿಷಯ ಮುಂದೆ ರೋಮ್‌ನಲ್ಲಿ ಮತ್ತೆ ಬರುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

2023ರ ಡಿಸೆಂಬರ್ ಮೊದಲ ವಾರದಲ್ಲಿ ಪ್ಯಾಲೆಸ್ಟೀನಿನ ಪಶ್ಚಿಮ ದಂಡೆಯಲ್ಲಿರುವ, ಯೇಸು ಹುಟ್ಟಿದ ಊರಾದ ಬೆತ್ಲೆಹೇಮ್‌ನ ಒಂದು ಚರ್ಚಿನಲ್ಲಿ ಬೇರೆ ಥರದ ಗೋದಲಿ ಎದ್ದಿತು. ಅಲ್ಲಿ ಕೊಟ್ಟಿಗೆ ಇರಲಿಲ್ಲ, ಹುಲ್ಲು ಇರಲಿಲ್ಲ, ತೊಟ್ಟಿಯೂ ಇರಲಿಲ್ಲ. ಬಲಿಪೀಠದ ಹತ್ತಿರ ಒಡೆದ ಕಾಂಕ್ರೀಟು, ಕಲ್ಲು, ಇಟ್ಟಿಗೆ ತಂದು ಸುರಿದಿದ್ದರು. ಆ ರಾಶಿಯ ನಡುವೆ ಮಗು ಯೇಸು. ಮೈಗೆ ಸುತ್ತಿದ್ದು ಕಪ್ಪು ಬಿಳುಪಿನ ಕೆಫಿಯೆ, ಪ್ಯಾಲೆಸ್ಟೀನಿಯರು ತಲೆಗೆ ಸುತ್ತುವ ಬಟ್ಟೆ. ಮರಿಯ, ಯೋಸೇಫ, ಕುರುಬರು, ಜೋಯಿಸರು ರಾಶಿಯ ಅಂಚಿನಲ್ಲಿ ಚದುರಿ ನಿಂತಿದ್ದರು.

ಕೆಲವೇ ದಿನಗಳಲ್ಲಿ ಆ ಫೋಟೋ ಲೋಕವೆಲ್ಲ ಸುತ್ತಿತು. ಒಂದೇ ಗೋದಲಿ ಒಂದು ಚರ್ಚಿನಲ್ಲಿ, ಒಂದು ಕೋರ್ಟಿನಲ್ಲಿ, ಮತ್ತು ಅದರ ನೆಂಟನಂಥ ಇನ್ನೊಂದು ಗೋದಲಿ ಪೋಪರ ಸಭಾಂಗಣದಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ. ಜಾಗ ಬದಲಾದ ಹಾಗೆ ಅದಕ್ಕೆ ಆದದ್ದೂ ಬದಲಾಯಿತು.

ಪತ್ರ ಬರೆದು ಸೋತವರು

ಆ ಚರ್ಚಿನ ಹೆಸರು ಇವಾಂಜಲಿಕಲ್ ಲೂಥರನ್ ಕ್ರಿಸ್ಮಸ್ ಚರ್ಚ್. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಪ್ರೊಟೆಸ್ಟೆಂಟರು ಕಟ್ಟಿಸಿದ್ದು. ಅದೇ ಶತಮಾನದಲ್ಲಿ, 1834ರಲ್ಲಿ, ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತ್ತು. ಹಾಗಾಗಿ ಅಲ್ಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಜರ್ಮನ್ ಅಕ್ಷರ ಕಂಡರೆ ನಮ್ಮ ಕರಾವಳಿಯವರಿಗೆ ಅಷ್ಟೇನೂ ಆಶ್ಚರ್ಯ ಆಗಲಿಕ್ಕಿಲ್ಲ. ಆದರೆ ಸಭೆಯವರು, ಅಂದರೆ ಆ ಚರ್ಚಿಗೆ ಸೇರಿದವರು, ಅರಬ್ಬಿ ಮಾತಾಡುವ ಪ್ಯಾಲೆಸ್ಟೀನಿಯರು. ಯಾವುದೋ ಮಿಷನರಿ ಬಂದು ಮತ ಬದಲಿಸಿದ ಹೊಸಬರು ಅಂತ ಅವರನ್ನು ಅಂದುಕೊಂಡರೆ ತಪ್ಪು. ಲೂಥರನ್ ಹೆಸರು ಹೊಸದು, ಆ ನೆಲದಲ್ಲಿ ಕ್ರೈಸ್ತ ನಂಬಿಕೆ ಮೊದಲಿನಿಂದಲೂ ಇದೆ. 2017ರ ಜನಗಣತಿಯ ಹೊತ್ತಿಗೆ ಪಶ್ಚಿಮ ದಂಡೆ, ಗಾಜಾ ಎಲ್ಲ ಸೇರಿಸಿ ಅವರ ಸಂಖ್ಯೆ ಸುಮಾರು 47 ಸಾವಿರಕ್ಕೆ ಇಳಿದಿತ್ತು.

ಆಗ ಪಾದ್ರಿಯಾಗಿದ್ದವರು ಮುಂಥರ್ ಐಸಾಕ್. ದೈವಶಾಸ್ತ್ರ ಓದಿದವರು, ಬೆತ್ಲೆಹೇಮ್ ಬೈಬಲ್ ಕಾಲೇಜಿನಲ್ಲಿ ಡೀನ್ ಕೂಡ.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲ್‌ನಲ್ಲಿ ಸುಮಾರು 1,200 ಜನ ಸತ್ತರು. ಸುಮಾರು 250 ಜನರನ್ನು ಒತ್ತೆಯಾಗಿ ಹಿಡಿದೊಯ್ದರು. ಅದರ ಬೆನ್ನಿಗೇ ಗಾಜಾದ ಮೇಲೆ ಇಸ್ರೇಲ್‌ನ ಯುದ್ಧ ಶುರುವಾಯಿತು. ಅಕ್ಟೋಬರ್ 19ರಂದು ಗಾಜಾದ ಸಂತ ಪೊರ್ಫಿರಿಯಸ್ ಆರ್ಥಡಾಕ್ಸ್ ಚರ್ಚಿನ ಆವರಣಕ್ಕೆ ಬಾಂಬ್ ಬಿತ್ತು. ಅಲ್ಲಿ ಆಶ್ರಯ ಪಡೆದಿದ್ದ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಗಾಜಾದಲ್ಲಿ ಇದ್ದ ಕ್ರೈಸ್ತರೇ ಸುಮಾರು ಒಂದು ಸಾವಿರ. ಬೆತ್ಲೆಹೇಮ್‌ನಿಂದ ಗಾಜಾಕ್ಕೆ ಬೆಂಗಳೂರಿನಿಂದ ತುಮಕೂರಿಗೆ ಇರುವಷ್ಟೇ ದೂರ, 70 ಕಿಲೋಮೀಟರ್. ಒಂದು ಊರಿನಲ್ಲಿ ಸತ್ತವರಿಗೆ ಇನ್ನೊಂದು ಊರಿನಲ್ಲಿ ಬಂಧುಗಳಿದ್ದರು. ಹೋಗಿ ಮಣ್ಣು ಹಾಕಿ ಬರಲು ಮಾತ್ರ ದಾರಿ ಇರಲಿಲ್ಲ.

ಇವರು ಮೊದಲು ಮಾಡಿದ್ದು ಕಲೆ ಅಲ್ಲ, ಪತ್ರ. ಪ್ಯಾಲೆಸ್ಟೀನಿ ಕ್ರೈಸ್ತ ಸಂಸ್ಥೆಗಳು ಅಕ್ಟೋಬರ್‌ನಲ್ಲೇ ಪಶ್ಚಿಮದ ಚರ್ಚುಗಳ ನಾಯಕರಿಗೆ ಬಹಿರಂಗ ಪತ್ರ ಬರೆದವು. ನೀವು ಪಶ್ಚಾತ್ತಾಪ ಪಡಬೇಕು ಅನ್ನುವಷ್ಟು ಖಾರ ಅದರಲ್ಲಿತ್ತು. ನವೆಂಬರ್ ಕೊನೆಗೆ ಐಸಾಕ್ ಮತ್ತು ಜೊತೆಯವರು ವಾಷಿಂಗ್ಟನ್‌ಗೇ ಹೋದರು. ಯುದ್ಧ ನಿಲ್ಲಿಸಿ ಎಂದು ಬೆತ್ಲೆಹೇಮ್‌ನ ಚರ್ಚುಗಳು ಅಧ್ಯಕ್ಷ ಬೈಡನ್‌ಗೆ ಬರೆದ ಪತ್ರವನ್ನು ಶ್ವೇತಭವನಕ್ಕೆ ಕೊಟ್ಟು ಬಂದರು. ಏನೂ ಆಗಲಿಲ್ಲ.

ಜೆರುಸಲೇಮಿನ ಚರ್ಚುಗಳ ಮುಖ್ಯಸ್ಥರು ಆ ವರ್ಷ ಸಡಗರ ಬೇಡ, ಪ್ರಾರ್ಥನೆ ಸಾಕು ಎಂದು ನವೆಂಬರ್‌ನಲ್ಲೇ ಹೇಳಿದ್ದರು. ಬೆತ್ಲೆಹೇಮ್‌ನ ಮ್ಯಾಂಜರ್ ಚೌಕದಲ್ಲಿ ದೊಡ್ಡ ಕ್ರಿಸ್ಮಸ್ ಮರ ಇರಲಿಲ್ಲ, ದೀಪ ಇರಲಿಲ್ಲ. ಪ್ರವಾಸಿಗಳನ್ನೇ ನಂಬಿ ಬದುಕುವ ಊರು ಅದು. ಆಲಿವ್ ಮರದಲ್ಲಿ ಗೊಂಬೆ ಕೆತ್ತುವವರ ಅಂಗಡಿಗಳಲ್ಲಿ ಕೊಳ್ಳುವವರೇ ಇಲ್ಲ. ಇಂಥ ಹೊತ್ತಿನಲ್ಲಿ ಕಟ್ಟಿದ್ದು ಆ ಗೋದಲಿ. ಪತ್ರ ಓದದವರು ಇದನ್ನು ನೋಡಿದರು.

ಬದಲಿಸಿದ್ದು ಬಹಳ ಕಡಿಮೆ

ಕಲಾಕೃತಿಯಾಗಿ ಇದರಲ್ಲಿ ದೊಡ್ಡ ಕೈಚಳಕ ಇಲ್ಲ. ಯಾರೂ ಏನನ್ನೂ ಹೊಸದಾಗಿ ಕೆತ್ತಲಿಲ್ಲ, ಬಣ್ಣ ಬಳಿಯಲಿಲ್ಲ. ಚರ್ಚಿಗೆ ಬಂದವರಿಗೆ ಈ ಗೊಂಬೆಗಳೆಲ್ಲ ಮೊದಲೇ ಗೊತ್ತು. ಕಣ್ಣು ತಾನಾಗಿಯೇ ತೊಟ್ಟಿಯನ್ನು ಹುಡುಕುತ್ತದೆ. ತೊಟ್ಟಿ ಇರಬೇಕಾದ ಜಾಗದಲ್ಲಿ ಕಲ್ಲು ಸಿಗುತ್ತದೆ. ಒಂದೇ ಒಂದು ವಸ್ತುವನ್ನು ತೆಗೆದು ಇನ್ನೊಂದನ್ನು ಇಟ್ಟದ್ದಕ್ಕೆ ಉಳಿದ ಎಲ್ಲ ಗೊಂಬೆಗಳ ಅರ್ಥ ತಿರುಗಿಬಿಟ್ಟಿತು. ಮಾಮೂಲಿ ಗೋದಲಿಯಲ್ಲಿ ಮರಿಯಳು ಮಗುವನ್ನು ನೋಡುತ್ತಿರುತ್ತಾಳೆ. ಇಲ್ಲಿ ಹುಡುಕುತ್ತಿದ್ದಾಳೆ. ಗೊಂಬೆಯ ಮುಖ ಅದೇ, ಬಾಗಿದ ತಲೆಯೂ ಅದೇ. ಜೋಯಿಸರು ಕಾಣಿಕೆ ಹಿಡಿದು ಬಂದ ಅತಿಥಿಗಳು ಅಲ್ಲ, ಕೈಯಲ್ಲಿ ಏನೋ ಹಿಡಿದು ಎಲ್ಲಿ ಅಗೆಯಬೇಕು ಅಂತ ತಿಳಿಯದೆ ನಿಂತವರು.

ಗಾಜಾದಲ್ಲಿ ಕುಸಿದ ಮನೆಗಳ ಅಡಿಯಿಂದ ಮಕ್ಕಳನ್ನು ಎಳೆದು ತೆಗೆಯುವ ವಿಡಿಯೋಗಳನ್ನು ಆ ಸಭೆಯವರು ಎರಡು ತಿಂಗಳಿಂದ ನೋಡುತ್ತಿದ್ದರು. ಅಂಥ ಪ್ರತಿ ಮಗುವಿನಲ್ಲೂ ನಮಗೆ ಯೇಸು ಕಾಣುತ್ತಾನೆ ಎಂದು ಐಸಾಕ್ ಪತ್ರಕರ್ತರಿಗೆ ಹೇಳಿದರು. ಡಿಸೆಂಬರ್ 23ರ ಪ್ರಾರ್ಥನೆಯಲ್ಲಿ ಅದೇ ರಾಶಿಯ ಪಕ್ಕದಲ್ಲಿ ನಿಂತು ಪ್ರಸಂಗ, ಅಂದರೆ ಉಪದೇಶ, ಮಾಡಿದರು. ಯೇಸು ಇವತ್ತು ಹುಟ್ಟುವುದಾದರೆ ಗಾಜಾದ ಕಲ್ಲುಮಣ್ಣಿನ ಅಡಿಯಲ್ಲೇ ಹುಟ್ಟುತ್ತಿದ್ದ ಅನ್ನುವುದು ಅದರ ತಿರುಳು. ಆ ಹೊತ್ತಿಗೆ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 20 ಸಾವಿರ ದಾಟಿದ್ದರು.

ಇದು ಸುಮ್ನೆ ಹೊರಗಿನಿಂದ ತಂದು ಅಂಟಿಸಿದ ರಾಜಕೀಯ ಅಂತ ನನಗೆ ಅನ್ನಿಸುವುದಿಲ್ಲ. ಯೇಸುವಿನ ಕಥೆ ಹೇಳುವ ಸುವಾರ್ತೆಯನ್ನೇ ತೆರೆದು ನೋಡಿ. ರೋಮ್‌ನ ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡುತ್ತಾನೆ, ತುಂಬು ಬಸುರಿ ಊರು ಬಿಟ್ಟು ನಡೆಯಬೇಕಾಗುತ್ತದೆ. ಛತ್ರದಲ್ಲಿ ಜಾಗ ಇರುವುದಿಲ್ಲ. ರಾಜ ಹೆರೋದ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸುತ್ತಾನೆ. ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡುತ್ತಾರೆ. ಬೆತ್ಲೆಹೇಮ್‌ನಿಂದ ಈಜಿಪ್ಟಿಗೆ ಹೋಗುವ ಹಳೆಯ ದಾರಿ ಇದ್ದದ್ದೇ ಗಾಜಾದ ಕಡೆಯಿಂದ. ಸುವಾರ್ತೆಯಲ್ಲಿ ಮಕ್ಕಳ ಕೊಲೆಯ ಕಥೆ ಹೇಳಿದ ಮತ್ತಾಯ, ತನ್ನ ಮಕ್ಕಳಿಗಾಗಿ ಅಳುವ ರಾಹೇಲಳನ್ನು, ಯೆಹೂದ್ಯರ ಮೂಲತಾಯಿಯನ್ನು, ನೆನೆಯುತ್ತಾನೆ. ರಾಹೇಲಳ ಸಮಾಧಿ ಎಂದು ಜನ ನಂಬುವ ಜಾಗ ಬೆತ್ಲೆಹೇಮ್‌ನಲ್ಲೇ ಇದೆ. 2002ರಲ್ಲಿ ಇಸ್ರೇಲ್ ಕಟ್ಟಲು ಶುರು ಮಾಡಿದ ಗೋಡೆ ಆ ಸಮಾಧಿಯನ್ನು ಸುತ್ತಿಕೊಂಡು ಹೋಗುತ್ತದೆ. ಊರಿನವರು ಈಗ ಅಲ್ಲಿಗೆ ಹೋಗುವಂತಿಲ್ಲ. ಹತ್ತಿ ಉಂಡೆಯ ಹಿಮ, ಮಿಣುಕು ದೀಪ ಎಲ್ಲ ನಾವು ಆಮೇಲೆ ಸೇರಿಸಿದ್ದು ಅಲ್ವಾ?

ಇನ್ನೊಂದು ವಿಷಯ. ಗೋದಲಿ ಕಟ್ಟುವ ಪದ್ಧತಿ ಶುರುವಾದದ್ದು 1223ರಲ್ಲಿ, ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸರಿಂದ ಅನ್ನುತ್ತಾರೆ. 2023ಕ್ಕೆ ಅದಕ್ಕೆ ಸರಿಯಾಗಿ 800 ವರ್ಷ. ಫ್ರಾನ್ಸಿಸ್ ಅದಕ್ಕೆ ನಾಲ್ಕು ವರ್ಷ ಮೊದಲು, ಧರ್ಮಯುದ್ಧ (ಕ್ರುಸೇಡ್) ನಡೆಯುತ್ತಿರುವಾಗಲೇ ಈಜಿಪ್ಟಿಗೆ ಹೋಗಿ ಸುಲ್ತಾನ್ ಅಲ್ ಕಾಮಿಲ್‌ನನ್ನು ಕಂಡು ಬಂದಿದ್ದರು. ಗ್ರೆಚ್ಚೋದ ಆ ರಾತ್ರಿಯ ಬಗ್ಗೆ ಫ್ರಾನ್ಸಿಸರ ಮೊದಲ ಚರಿತ್ರೆ ಬರೆದವರು ಒಂದು ವಿಚಿತ್ರ ಮಾತು ದಾಖಲಿಸಿದ್ದಾರೆ. ಅಲ್ಲಿದ್ದ ಒಬ್ಬನಿಗೆ ತೊಟ್ಟಿಯಲ್ಲಿ ಜೀವ ಇಲ್ಲದ ಹಾಗೆ ಬಿದ್ದಿರುವ ಮಗು ಕಂಡಿತಂತೆ. ಫ್ರಾನ್ಸಿಸ್ ಹತ್ತಿರ ಹೋಗಿ ಅದನ್ನು ಗಾಢ ನಿದ್ದೆಯಿಂದ ಎಬ್ಬಿಸಿದರಂತೆ. ಬೆತ್ಲೆಹೇಮ್‌ನವರು ಸಂಪ್ರದಾಯ ಮುರಿದರು ಅನ್ನುವವರು ಈ ಸಾಲನ್ನು ಒಮ್ಮೆ ಓದಬೇಕು.

ಇದಕ್ಕೂ ಮೊದಲು ಒಡೆದ ಗಾಜು

ಈ ಗೋದಲಿ ಆಕಾಶದಿಂದ ಉದುರಿದ್ದಲ್ಲ. ಇದೇ ಚರ್ಚಿನಲ್ಲಿ ಐಸಾಕ್‌ಗಿಂತ ಮೊದಲು ಬಹಳ ವರ್ಷ ಪಾದ್ರಿಯಾಗಿದ್ದವರು ಮಿತ್ರಿ ರಾಹೆಬ್. 2002ರಲ್ಲಿ ಇಸ್ರೇಲಿ ಸೇನೆ ಊರೊಳಗೆ ನುಗ್ಗಿದಾಗ ಚರ್ಚಿನ ಆವರಣಕ್ಕೂ ಹಾನಿಯಾಯಿತು, ಎಲ್ಲೆಲ್ಲೂ ಗಾಜಿನ ಚೂರು. ಗುಡಿಸಿ ಎಸೆಯುವ ಬದಲು ಊರಿನ ಕುಶಲಕರ್ಮಿಗಳನ್ನು ಸೇರಿಸಿ ಆ ಚೂರುಗಳಿಂದಲೇ ಪುಟ್ಟ ಪುಟ್ಟ ದೇವದೂತರನ್ನು ಮಾಡಿಸಿದರು. ಕೆಲಸ ಇಲ್ಲದವರಿಗೆ ನಾಲ್ಕು ಕಾಸು ಸಿಕ್ಕಿತು, ದೇವದೂತರು ಕ್ರಿಸ್ಮಸ್ ಮರಗಳಲ್ಲಿ ನೇತಾಡಲು ವಿದೇಶಕ್ಕೂ ಹೋದರು. ರಾಹೆಬ್ ಮುಂದೆ ದಾರ್ ಅಲ್ ಕಲಿಮಾ ಅನ್ನುವ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಅಲ್ಲಿ ಕಲಿಸುವುದು ಮುಖ್ಯವಾಗಿ ಕಲೆ ಮತ್ತು ಸಂಸ್ಕೃತಿ. ಕರ್ಫ್ಯೂ, ಚೆಕ್‌ಪೋಸ್ಟ್ ನಡುವೆ ಬದುಕುವವರಿಗೆ ಕಲೆಯ ಕಾಲೇಜು ಯಾಕೆ ಅಂತ ಕೇಳಿದವರು ಜಾಸ್ತಿಯೇ ಇದ್ದಿರಬೇಕು.

ಗೋಡೆ ಎದ್ದ ಮೇಲೆ ಆಲಿವ್ ಮರದ ಗೋದಲಿಗಳಲ್ಲೂ ಗೋಡೆ ಬಂತು. ಒಂದು ಕಡೆ ಮಗು, ಇನ್ನೊಂದು ಕಡೆ ಒಳಗೆ ಬರಲಾಗದ ಜೋಯಿಸರು. 2010ರಲ್ಲಿ ಬ್ರಿಟನ್‌ನ ಇಯಾನ್ ನೋಲ್ಸ್ ಅಸಲಿ ಗೋಡೆಯ ಮೇಲೆಯೇ ಮರಿಯಮ್ಮನ ಐಕಾನ್, ಅಂದರೆ ಪೂಜೆಯ ಚಿತ್ರ, ಬರೆದರು. 2019ರಲ್ಲಿ ಬೀದಿ ಗೋಡೆಗಳ ಚಿತ್ರಕಾರ ಬ್ಯಾಂಕ್ಸಿ ಗೋಡೆ ಪಕ್ಕದ ತನ್ನ ಹೋಟೆಲಿನಲ್ಲಿ ಒಂದು ಗೋದಲಿ ಇಟ್ಟ. ಅದರ ಹಿಂದೆ ಕಾಂಕ್ರೀಟ್ ಗೋಡೆ, ಅದರಲ್ಲಿ ಗುಂಡು ಹೊಕ್ಕು ನಕ್ಷತ್ರದ ಆಕಾರದಲ್ಲಿ ಒಡೆದ ತೂತು. ಜಾಣತನದ ಕೆಲಸ. ಆದರೆ ನನ್ನ ಮಟ್ಟಿಗೆ ಅದು ಒಮ್ಮೆ ನೋಡಿ ಆಹಾ ಅನ್ನಿಸಿ ಮುಗಿದುಹೋಗುತ್ತದೆ. ಅಲ್ಲಿ ಸಂಸಾರ ಸುರಕ್ಷಿತವಾಗಿದೆ, ಗೋಡೆ ಹಿನ್ನೆಲೆಯಲ್ಲಿದೆ. 2023ರ ಗೋದಲಿಯಲ್ಲಿ ಮನೆಯೇ ಮಗುವಿನ ಮೇಲೆ ಬಿದ್ದಿದೆ. ಅದೂ ಅಲ್ಲದೆ ಬ್ಯಾಂಕ್ಸಿಯ ಗೋದಲಿ ನೋಡಲು ಹೋಟೆಲಿಗೆ ಹೋಗಬೇಕಿತ್ತು. ಇದರ ಮುಂದೆ ಜನ ವಾರ ವಾರವೂ ಪ್ರಾರ್ಥನೆಗೆ ಕೂತರು.

ನಂಬಿಕೆಯ ಭಾಷೆಯಲ್ಲೂ ತಯಾರಿ ಇತ್ತು. 2009ರ ಡಿಸೆಂಬರ್‌ನಲ್ಲಿ ಬೆತ್ಲೆಹೇಮ್‌ನಲ್ಲೇ ಪ್ಯಾಲೆಸ್ಟೀನಿ ಕ್ರೈಸ್ತರು ಇಸ್ರೇಲ್‌ನ ಆಕ್ರಮಣದ ವಿರುದ್ಧ ಬರೆದ ಕೈರೋಸ್ ಪ್ಯಾಲೆಸ್ಟೀನ್ ಹೇಳಿಕೆ ಹೊರಬಂದಿತ್ತು. ಅದಕ್ಕೆ ಮಾದರಿ 1985ರಲ್ಲಿ ವರ್ಣಭೇದದ ವಿರುದ್ಧ ದಕ್ಷಿಣ ಆಫ್ರಿಕಾದ ಕ್ರೈಸ್ತರು ಬರೆದ ಹೇಳಿಕೆ. ಈ ದಕ್ಷಿಣ ಆಫ್ರಿಕಾದ ನಂಟು ಮುಂದೆ ಬೇರೆ ರೀತಿಯಲ್ಲಿ ತಿರುಗಿ ಬಂತು.

ತಕರಾರುಗಳು

ತಕರಾರು ಎತ್ತಿದವರೆಲ್ಲ ಕಲ್ಲುಹೃದಯದವರು ಅಂತ ತಳ್ಳಿಹಾಕುವುದು ಸುಲಭ. ಆದರೆ ಅವರ ಮಾತಿನಲ್ಲಿ ಒಂದು ಭಾಗ ನಿಜಕ್ಕೂ ಭಾರವಾದದ್ದು.

ಯೇಸು ಯೆಹೂದ್ಯ. ಯೆಹೂದ್ಯ ತಾಯಿಗೆ ಹುಟ್ಟಿದವನು, ಎಂಟನೇ ದಿನ ಸುನ್ನತಿ ಮಾಡಿಸಿಕೊಂಡವನು. ಅವನಿಗೆ ಕೆಫಿಯೆ ಸುತ್ತಿ ಪ್ಯಾಲೆಸ್ಟೀನಿ ಮಾಡುವುದು ಅವನ ಯೆಹೂದ್ಯತನವನ್ನು ಅಳಿಸಿದ ಹಾಗೆ ಅನ್ನುವುದು ಒಂದು ಆಕ್ಷೇಪ. ಅದರ ಹಿಂದೆ ಇನ್ನೂ ಆಳದ ಗಾಯ ಇದೆ. ಯೇಸುವನ್ನು ಕೊಂದವರು ಅಂತ ಯೆಹೂದ್ಯರ ಮೇಲೆ ಆರೋಪ ಹೊರಿಸಿ ಯುರೋಪಿನ ಕ್ರೈಸ್ತರು ಶತಮಾನಗಳ ಕಾಲ ಅವರನ್ನು ಕಾಡಿದರು, ಕೊಂದರು. ಹಾಗಿರುವಾಗ ಇಸ್ರೇಲ್ ಹಾಕಿದ ಬಾಂಬಿನ ಅಡಿಯಲ್ಲಿ ಮಗು ಯೇಸುವನ್ನು ಮಲಗಿಸಿದರೆ ಆ ಹಳೆಯ ಗಾಯ ಕೆದಕಿದಂತೆ ಆಗದೆ ಇರುತ್ತದೆಯೇ? ಅಕ್ಟೋಬರ್ 7ರಂದು ಸತ್ತವರಿಗೆ ಆ ಗೋದಲಿಯಲ್ಲಿ ಜಾಗ ಎಲ್ಲಿ ಅನ್ನುವ ಪ್ರಶ್ನೆಯೂ ಬಂತು.

'ಯೇಸು ಪ್ಯಾಲೆಸ್ಟೀನಿಯನಾಗಿದ್ದ' ಅನ್ನುವ ಘೋಷಣೆ ಬಳಸಿ ಇದಕ್ಕೆ ಉತ್ತರ ಕೊಡಲು ಹೋದವರಿದ್ದಾರೆ. ಅದು ದುರ್ಬಲ ಉತ್ತರ. ಇತಿಹಾಸವಾಗಿ ನಿಲ್ಲುವುದಿಲ್ಲ, ಎದುರಿನವರ ಗಾಯವನ್ನೂ ನೋಡುವುದಿಲ್ಲ.

ಗೋದಲಿಯನ್ನೇ ನೋಡಿದರೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ ಅಂತ ನನ್ನ ಅನಿಸಿಕೆ. ಅಲ್ಲಿ ಕೊಂದವನ ಗೊಂಬೆ ಇಲ್ಲ. ಸೈನಿಕ ಇಲ್ಲ, ಹೆರೋದ ಇಲ್ಲ, ಬಾವುಟ ಇಲ್ಲ. ಇರುವುದು ಕಲ್ಲು, ಮಗು, ಹುಡುಕುವವರು. ಇವನು ಕೊಂದ ಅಂತ ಅದು ಯಾರತ್ತಲೂ ಬೆರಳು ತೋರಿಸುವುದಿಲ್ಲ. ಪ್ರಸಂಗ ತೋರಿಸಿತು, ನಿಜ. ಆದರೆ ಅದರ ಬೆರಳು ಹೆಚ್ಚಾಗಿ ತಿರುಗಿದ್ದು ತಮ್ಮದೇ ಮತದ ಕಡೆಗೆ, ನೋಡಿಯೂ ಸುಮ್ಮನಿದ್ದ ಪಶ್ಚಿಮದ ಚರ್ಚುಗಳ ಕಡೆಗೆ. ಕೆಫಿಯೆ ಬಗ್ಗೆ ಮಾತ್ರ ನನಗೆ ಎರಡು ಮನಸ್ಸು. ಅದು ಮೂಲದಲ್ಲಿ ರೈತರು ಬಿಸಿಲಿಗೆ ತಲೆಗೆ ಸುತ್ತುತ್ತಿದ್ದ ಬಟ್ಟೆ. 1936ರಿಂದ 39ರವರೆಗೆ ಬ್ರಿಟಿಷರ ವಿರುದ್ಧ ನಡೆದ ದಂಗೆಯಲ್ಲಿ ಅದು ಹೋರಾಟದ ಗುರುತಾಯಿತು. ಕೂಸನ್ನು ಮನೆಯಲ್ಲಿ ಇರುವ ಬಟ್ಟೆಯಲ್ಲೇ ತಾನೇ ಸುತ್ತುವುದು? ಬೆತ್ಲೆಹೇಮ್‌ನ ಮನೆಯಲ್ಲಿ ಇರುವ ಬಟ್ಟೆ ಅದು. ಆದರೆ ದೂರದಿಂದ ಫೋಟೋ ನೋಡಿದವರಿಗೆ ಬಟ್ಟೆ ಕಾಣಲಿಲ್ಲ, ಗುರುತು ಕಂಡಿತು. ಆಮೇಲೆ ಎಷ್ಟೋ ಜನರ ಜಗಳ ಕಲ್ಲನ್ನು ಬಿಟ್ಟು ಬಟ್ಟೆಯ ಮೇಲೆಯೇ ನಡೆಯಿತು.

ಹೇಗ್‌ನಲ್ಲಿ

2024ರ ಜನವರಿ 11. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. ಇಸ್ರೇಲ್ ನರಮೇಧ ತಡೆ ಒಪ್ಪಂದವನ್ನು ಮುರಿಯುತ್ತಿದೆ ಎಂದು ದಕ್ಷಿಣ ಆಫ್ರಿಕಾ ತಂದ ಮೊಕದ್ದಮೆಯ ವಿಚಾರಣೆ. ವಕೀಲೆ ಬ್ಲಿನ್ನಾ ನಿ ಗ್ರಾಲಿ ಅಂಕಿ ಅಂಶಗಳನ್ನು ಒಂದೊಂದಾಗಿ ಮುಂದಿಟ್ಟರು. ಗಾಜಾದ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗಳ ಪಟ್ಟಿ ಬರೆಯುವ ಬಿಳಿ ಹಲಗೆಯ ಫೋಟೋ ತೋರಿಸಿದರು. ಅದರ ಮೇಲೆ ಪಟ್ಟಿಯ ಬದಲು, ನಮ್ಮ ಕೈಲಾದದ್ದು ಮಾಡಿದೆವು, ನಮ್ಮನ್ನು ನೆನಪಿಡಿ ಅಂತ ಒಬ್ಬ ವೈದ್ಯರು ಬರೆದಿದ್ದರು. ಅದೇ ವಾದದಲ್ಲಿ ಐಸಾಕರ ಕ್ರಿಸ್ಮಸ್ ಪ್ರಸಂಗದ ಸಾಲುಗಳನ್ನೂ ಓದಿದರು. ಕನ್ನಡಿ ನೋಡಿಕೊಂಡು, ಗಾಜಾದಲ್ಲಿ ಇದು ನಡೆಯುತ್ತಿದ್ದಾಗ ನಾನೆಲ್ಲಿದ್ದೆ ಅಂತ ಕೇಳಿಕೊಳ್ಳಿ ಅನ್ನುವ ಭಾಗ ಅದು.

ನ್ಯಾಯಾಲಯದಲ್ಲಿ ಪ್ರಸಂಗ ಸಾಕ್ಷ್ಯ ಆಗುವುದಿಲ್ಲ. ವಕೀಲೆಗೆ ಅದು ಗೊತ್ತಿಲ್ಲದೆ ಇಲ್ಲ. ಹಲಗೆಯ ಬರಹವೂ ಪಾದ್ರಿಯ ಮಾತೂ ಅಲ್ಲಿ ಮಾಡಿದ ಕೆಲಸ ಒಂದೇ: ಅಂಕಿಗಳ ಹಿಂದೆ ಮಾತಾಡುವ ಬಾಯಿಗಳಿವೆ ಅಂತ ನ್ಯಾಯಮೂರ್ತಿಗಳಿಗೆ ಕೇಳಿಸುವುದು. ಮರುದಿನ ಇಸ್ರೇಲ್ ತನ್ನ ವಾದ ಮಂಡಿಸಿ, ಇದು ಆತ್ಮರಕ್ಷಣೆ, ಆರೋಪ ಸುಳ್ಳು ಅಂದಿತು. ಜನವರಿ 26ರಂದು ನ್ಯಾಯಾಲಯ ತಾತ್ಕಾಲಿಕ ಆದೇಶಗಳನ್ನು ಕೊಟ್ಟಿತು. ನರಮೇಧದ ಕೃತ್ಯ ನಡೆಯದಂತೆ ತಡೆಯಿರಿ, ನೆರವು ಒಳಗೆ ಹೋಗಲು ಬಿಡಿ ಎಂದಿತು. ಯುದ್ಧ ನಿಲ್ಲಿಸಿ ಎನ್ನಲಿಲ್ಲ. ಯುದ್ಧ ನಿಲ್ಲಲೂ ಇಲ್ಲ.

ರೋಮ್‌ನಲ್ಲಿ

2024ರ ಡಿಸೆಂಬರ್ 7. ವ್ಯಾಟಿಕನ್‌ನ ಆರನೇ ಪಾಲ್ ಸಭಾಂಗಣಕ್ಕೆ ಬೆತ್ಲೆಹೇಮ್‌ನ ಕಲಾವಿದರು ಕಟ್ಟಿದ ಗೋದಲಿ ಬಂದಿತ್ತು. ವಿನ್ಯಾಸ ಜಾನಿ ಅಂಡೋನಿಯಾ ಮತ್ತು ಫಾತೆನ್ ನಸ್ತಾಸ್ ಮಿತ್ವಾಸಿ ಅವರದು. ಆಲಿವ್ ಮರದ ಚೆಲುವಾದ ಕೆಲಸ. ಇಲ್ಲಿ ಕಲ್ಲಿನ ರಾಶಿ ಇರಲಿಲ್ಲ. ಮಗು ತೊಟ್ಟಿಯಲ್ಲೇ ಇತ್ತು, ಕೆಳಗೆ ಹಾಸಿದ್ದು ಮಾತ್ರ ಕೆಫಿಯೆ. ಗಾಲಿಕುರ್ಚಿಯಲ್ಲಿ ಬಂದ ಪೋಪ್ ಫ್ರಾನ್ಸಿಸ್ ಅದರ ಮುಂದೆ ಪ್ರಾರ್ಥಿಸಿದರು. ಯುದ್ಧ ಸಾಕು, ಹಿಂಸೆ ಸಾಕು ಅಂದರು. ಫೋಟೋ ಹರಡಿತು, ಟೀಕೆಯೂ ಬಂತು. ಕೆಲವೇ ದಿನಗಳಲ್ಲಿ ಮಗು, ತೊಟ್ಟಿ, ಕೆಫಿಯೆ ಮೂರೂ ಕಾಣೆಯಾದವು.

ಮಗುವನ್ನು 24ರ ರಾತ್ರಿಯವರೆಗೆ ಇಡುವುದಿಲ್ಲ, ಅದು ರೂಢಿ ಅನ್ನುವ ವಿವರಣೆ ಬಂತು. ನಾನು ಮೊದಲೇ ಹೇಳಿದ ಬೀರುವಿನ ಗೊಂಬೆ ನೆನಪಿದೆಯಲ್ಲ? ರೂಢಿ ನಿಜ, ನಮ್ಮ ಮನೆಗಳಲ್ಲೂ ಅದೇ. ಆದರೆ ನಮ್ಮ ಮನೆಗಳಲ್ಲಿ ಮೊದಲು ಇಟ್ಟು, ಊರಿಗೆಲ್ಲ ತೋರಿಸಿ, ಆಮೇಲೆ ರೂಢಿ ನೆನಪಾಗಿ ಎತ್ತಿಡುವುದಿಲ್ಲ. ಖಾಲಿ ತೊಟ್ಟಿಯನ್ನಾದರೂ ಬಿಟ್ಟಿರುತ್ತೇವೆ.

ಇದರಿಂದ ಪೋಪರ ಮನಸ್ಸು ತಣ್ಣಗಾಗಿತ್ತು ಅಂತ ಓದುವುದು ತಪ್ಪಾಗುತ್ತದೆ. ಇದೇ ಫ್ರಾನ್ಸಿಸ್ ಯುದ್ಧ ಶುರುವಾದಂದಿನಿಂದ ಗಾಜಾದ ಹೋಲಿ ಫ್ಯಾಮಿಲಿ ಚರ್ಚಿಗೆ ಹೆಚ್ಚುಕಡಿಮೆ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. ಊಟ ಆಯಿತಾ, ಏನು ತಿಂದಿರಿ ಅಂತ ವಿಚಾರಿಸುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ. ಕಷ್ಟ ಇದ್ದದ್ದು ಜಾಗದ್ದು. ಬೆತ್ಲೆಹೇಮ್‌ನ ಪುಟ್ಟ ಚರ್ಚಿನಲ್ಲಿ ಆ ಬಟ್ಟೆ ಒಂದು ಸಭೆಯ ದುಃಖ. ಪೋಪರ ಸಭಾಂಗಣದಲ್ಲಿ ಅದೇ ಬಟ್ಟೆ ಒಂದು ರಾಜ್ಯ ಇನ್ನೊಂದು ರಾಜ್ಯಕ್ಕೆ ಕಳಿಸಿದ ಸಂದೇಶ. ಕಲ್ಲುಗಳಿಲ್ಲದ ಕಾರಣ ಅಲ್ಲಿ ಕೆಫಿಯೆ ಒಂಟಿಯಾಯಿತು. ಯಾಕೆ ಈ ಬಟ್ಟೆ ಅನ್ನುವ ಪ್ರಶ್ನೆಗೆ ಬೆತ್ಲೆಹೇಮ್‌ನಲ್ಲಿ ರಾಶಿಯೇ ಉತ್ತರ ಕೊಡುತ್ತಿತ್ತು. ರೋಮ್‌ನಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ, ಎತ್ತಿಟ್ಟರು.

ಅದೇ ತಿಂಗಳು ಬೆತ್ಲೆಹೇಮ್‌ನಲ್ಲಿ ಐಸಾಕ್ ಮತ್ತೆ ಕ್ರಿಸ್ಮಸ್ ಪ್ರಸಂಗ ಮಾಡಿದರು. ಹಿಂದಿನ ವರ್ಷದ ತಲೆಬರಹ, ಕಲ್ಲುಮಣ್ಣಿನ ರಾಶಿಯಲ್ಲಿ ಕ್ರಿಸ್ತ. ಈ ಸಲ ಅದಕ್ಕೆ ಒಂದೇ ಮಾತು ಸೇರಿತ್ತು: ಇನ್ನೂ.